ಹನ್ನೊಂದಕ್ಕೆ ಹಿಂದಿನ ಹತ್ತು

ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯ ಹಳೆ ಪುಸ್ತಕಗಳ ಸಾಲು ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವೇ. ಮಕ್ಕಳ ಪಠ್ಯಪುಸ್ತಕಕ್ಕೆಂದು ಹೋಗಿ ಇನ್ನೇನನ್ನೋ ಕಂಕುಳಲ್ಲಿ ಇರುಕಿಕೊಂಡು ಬಂದವರೂ ನಮ್ಮಲ್ಲಿದ್ದಾರೆ. ಕಳೆದ ಮಳೆಗಾಲದಲ್ಲಿ ಅಲ್ಲಿ ಒಬ್ಬಾತ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ 'ಕೃಷ್ಣ'ವೊಂದನ್ನು ತೆಗೆದು ತೋರಿಸಿದ. ಅಮರ ಚಿತ್ರ ಕಥೆಯ ಇಂಗ್ಲಿಷ್ 'ಕೃಷ್ಣ', ಸಂಖ್ಯೆ 11. ಮೊಟ್ಟಮೊದಲ ಮುದ್ರಣವೆಂದು ಹೇಳಿ, ಒಂದು ಒಳ್ಳೆಯ ಧೋತರಕ್ಕೆ ಕೊಡುವಷ್ಟು ಬೆಲೆ ಕೇಳಿದ. ನಾನು ಮೊದಲು ಪ್ರಕಾಶಕರ ವಿಳಾಸ ನೋಡಿದೆ. ಅದರಲ್ಲಿ ಆರು ಅಂಕಿಗಳ ಪಿನ್ ಕೋಡ್ ಇತ್ತು. ನಮ್ಮ ದೇಶದಲ್ಲಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು; ಮೊದಲ 'ಕೃಷ್ಣ' ಅದಕ್ಕಿಂತ ಹಿಂದಿನದು. ಇದನ್ನು ಹೇಳಿದಾಗ ಆತ ವಾದಕ್ಕೆ ಇಳಿಯಲಿಲ್ಲ, ಬೆಲೆ ಇಳಿಸಿದ. ನಾನೂ ಕೊಂಡುಬಂದೆ.

ಆತನನ್ನು ದೂರುವಂತಿಲ್ಲ. ಮಕ್ಕಳ ಪುಸ್ತಕಗಳ ವಿಷಯದಲ್ಲಿ ಓದು ಬಲ್ಲವರೂ ಇದೇ ತಪ್ಪು ಮಾಡುತ್ತಾರೆ. ಮಾಲೆಯ ಸಂಖ್ಯೆಯು ಪುಸ್ತಕದ ಹೆಸರಿಗೆ ಸೇರಿದ್ದೇ ಹೊರತು ಮುದ್ರಣಕ್ಕಲ್ಲ. ಆ 'ಕೃಷ್ಣ' ಎಷ್ಟೋ ಸಲ ಅಚ್ಚಾಯಿತು. ಹಳೆಯ ಮಾಲೆ ನಡೆಯುತ್ತಿದ್ದಷ್ಟು ಕಾಲ ಹನ್ನೊಂದು ಹನ್ನೊಂದಾಗಿಯೇ ಉಳಿಯಿತು. ಮುಂದೆ ಮರುಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆ ಕೊಟ್ಟಾಗ ಅದೇ ಕೃಷ್ಣ ಮೊದಲನೆಯವನಾಗಿ ನಿಂತ.

ನಮ್ಮ ಕನ್ನಡ ಪ್ರಕಾಶಕರ ಇನ್ನೊಂದು ಅಭ್ಯಾಸ ಗೊಂದಲವನ್ನು ಹೆಚ್ಚಿಸಿದೆ. 'ಮುದ್ರಣ', 'ಆವೃತ್ತಿ' ಎಂಬೆರಡು ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಒಂದಕ್ಷರವೂ ಬದಲಾಗದೆ ಎರಡನೆಯ ಬಾರಿ ಅಚ್ಚಾದದ್ದು ಎರಡನೆಯ ಮುದ್ರಣ; ಪಠ್ಯವನ್ನೋ ಚಿತ್ರಗಳನ್ನೋ ತಿದ್ದಿ ತಂದದ್ದು ಎರಡನೆಯ ಆವೃತ್ತಿ. ದೊಡ್ಡವರ ಪುಸ್ತಕದಲ್ಲಿ ಮುನ್ನುಡಿಯಾದರೂ ಈ ವ್ಯತ್ಯಾಸವನ್ನು ಹೇಳುತ್ತದೆ. ಮಕ್ಕಳ ಪುಸ್ತಕಕ್ಕೆ ಮುನ್ನುಡಿ ಯಾರು ಬರೆಯುತ್ತಾರೆ?

ಹಾಗಾಗಿ ಪುಸ್ತಕದ ಮೈಮೇಲಿನ ಗುರುತುಗಳನ್ನೇ ಓದಬೇಕು. ಬೆಲೆ ಆಣೆಯಲ್ಲಿದ್ದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗೆ ಹಿಂದಿನದೆಂದು ಹೆಚ್ಚುಕಡಿಮೆ ಹೇಳಬಹುದು. 'ನಯೇ ಪೈಸೆ' ಎಂದಿದ್ದರೆ ಅಲ್ಲಿಂದ 1964ರ ಜೂನ್‌ವರೆಗಿನ ಏಳು ವರ್ಷಗಳಲ್ಲಿ ಹುಡುಕಬೇಕು. ಆಮೇಲೆ ಅದು ಬರೀ ಪೈಸೆ. ವಿಳಾಸದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. 'ಮುಂಬಯಿ-19' ಎಂಬುದು '400 019' ಆದ ಕಥೆಯನ್ನು ಮಾಟುಂಗದ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಹಿಂಬದಿಯ ರಕ್ಷಾಪುಟದಲ್ಲಿ 'ನಮ್ಮ ಇತರ ಪ್ರಕಟಣೆಗಳು' ಎಂಬ ಪಟ್ಟಿಯಿದ್ದರೆ ಅದರ ಕೊನೆಯ ಹೆಸರನ್ನು ನೋಡಬೇಕು. ಕೈಯಲ್ಲಿರುವ ಪ್ರತಿ ಆ ಪುಸ್ತಕಕ್ಕಿಂತ ಹಳೆಯದಾಗಿರುವುದು ಕಷ್ಟ. ಆದರೆ ಒಂದು ಎಚ್ಚರ ಬೇಕು. ಹೊಸ ಗುರುತು ಇದ್ದರೆ ಪುಸ್ತಕ ಆಮೇಲಿನದೆಂದು ಖಚಿತವಾಗಿ ಹೇಳಬಹುದು. ಇಲ್ಲದಿದ್ದರೆ ಹಳೆಯದೆಂದು ಹೇಳಲಾಗದು. ಹಳೆಯ ಬ್ಲಾಕುಗಳನ್ನೇ ಬಳಸಿ ಹಳೆಯ ವಿಳಾಸವನ್ನು ವರ್ಷಗಟ್ಟಲೆ ಅಚ್ಚುಮಾಡುವ ಮುದ್ರಕರಿಗೆ ನಮ್ಮಲ್ಲಿ ಬರವಿರಲಿಲ್ಲ.

ಇದೆಲ್ಲ ಹಣವುಳ್ಳವರ ಹವ್ಯಾಸ, ಮಗುವಿಗೆ ಕಥೆ ಮುಖ್ಯವೋ ಪಿನ್ ಕೋಡೋ ಎಂದು ಕೇಳಬಹುದು. ಕಥೆಯೇ ಮುಖ್ಯ. ಆದರೆ ಯಾವ ಕಥೆ? ಬಿಯಾಟ್ರಿಕ್ಸ್ ಪಾಟರ್ ತನ್ನ ಮೊಲದ ಮರಿ ಪೀಟರನ ಕಥೆಯನ್ನು 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚುಹಾಕಿಸಿದಳು. ಮರುವರ್ಷ ಲಂಡನ್ನಿನ ವಾರ್ನ್ ಪ್ರಕಾಶನ ಅದನ್ನು ಬಣ್ಣದ ಚಿತ್ರಗಳೊಂದಿಗೆ ತಂದಿತು. 1903ರಲ್ಲಿ ರಟ್ಟಿನ ಒಳಬದಿಗೆ ಬಣ್ಣದ ಚಿತ್ರ ಹಾಕುವ ಸಲುವಾಗಿ ಪುಸ್ತಕದೊಳಗಿನ ನಾಲ್ಕು ಚಿತ್ರಗಳನ್ನು ಕೈಬಿಟ್ಟರು. ಪೀಟರನ ಅಪ್ಪನನ್ನು ಕಡುಬಿನೊಳಗೆ ಹಾಕಿ ಬೇಯಿಸಿದ ಮೆಕ್‌ಗ್ರೆಗರನ ಹೆಂಡತಿಯ ಚಿತ್ರವೂ ಅವುಗಳಲ್ಲಿ ಒಂದು. ಅವು ಮತ್ತೆ ಒಳಗೆ ಬಂದದ್ದು 2002ರ ಶತಮಾನೋತ್ಸವದ ಆವೃತ್ತಿಯಲ್ಲಿ. ನಡುವಿನ ಸುಮಾರು ನೂರು ವರ್ಷ ಆ ಪುಸ್ತಕ ಓದಿದ ಮಕ್ಕಳು ಆ ಹೆಂಗಸಿನ ಮುಖವನ್ನೇ ನೋಡಲಿಲ್ಲ. ಅದು ಒಳ್ಳೆಯದಾಯಿತೆಂದು ಕೆಲವು ತಾಯಂದಿರು ಹೇಳಿಯಾರು. ನಾನು ಒಪ್ಪುವುದಿಲ್ಲ, ಕಥೆಯ ಭಯವೆಲ್ಲ ಆ ಕಡುಬಿನಲ್ಲೇ ಇದೆ.

ನಮ್ಮ 'ಕೃಷ್ಣ'ದ ಕಥೆಯೂ ಇಂಥದ್ದೇ. ಕಾರ್ಕಳದಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಅನಂತ ಪೈಯವರು ಆ ಪುಸ್ತಕವನ್ನು ಮೊದಲು ರೂಪಿಸಿದಾಗ, ವಿಜ್ಞಾನ ಓದುವ ಮಕ್ಕಳ ಮುಂದೆ ಪವಾಡಗಳನ್ನು ತೋರಿಸಲು ಹಿಂಜರಿದು ಅವುಗಳನ್ನು ತಗ್ಗಿಸಿದ್ದರು. ಮಾಲೆ ಜನಪ್ರಿಯವಾದ ಮೇಲೆ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಪವಾಡಗಳಿಗೆ ಧಾರಾಳವಾಗಿ ಜಾಗ ಸಿಕ್ಕಿತು. ರಾಮ್ ವಾಯೀರ್ಕರ್ ಚಿತ್ರ ಬರೆದ ಅದೇ ಪುಸ್ತಕ, ಅದೇ ಸಂಖ್ಯೆ; ಅಣ್ಣ ಓದಿದ್ದು ಒಬ್ಬ ಕೃಷ್ಣ, ತಮ್ಮ ಓದಿದ್ದು ಇನ್ನೊಬ್ಬ. ಆ ಮಾಲೆ ನಮ್ಮ ಮಕ್ಕಳಿಗೆ ಏನು ಕಲಿಸಿತು ಎಂಬ ಬಗ್ಗೆ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ, ಸಭೆಗಳಲ್ಲಿ ನಾವೂ ಚರ್ಚಿಸುತ್ತೇವೆ. ಕೈಯಲ್ಲಿರುವುದು ಯಾವ ಆವೃತ್ತಿಯೆಂದು ನೋಡದೆ ಹೂಡುವ ವಾದವನ್ನು ನಂಬುವುದು ಹೇಗೆ?

ಈಗ ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆಗೆ ಬರುತ್ತೇನೆ. ಭಾರತೀಯ ಕಥೆಗಳ ಸಾಲು ಹನ್ನೊಂದರಿಂದ ಶುರುವಾದದ್ದು ಏಕೆ? ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಪಶ್ಚಿಮದಿಂದ ಬಂದ ಕಥೆಗಳವು: ಜ್ಯಾಕ್ ಮತ್ತು ಅವರೆ ಬಳ್ಳಿ, ಸಿಂಡರೆಲಾ, ಪಿನೋಕಿಯೊ, ಸ್ನೋ ವೈಟ್ ಇತ್ಯಾದಿ. ಈ ಹೆಸರುಗಳೆಲ್ಲ ಅಮೆರಿಕದ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್' ಮಾಲೆಯಲ್ಲೂ ಇವೆ. (ಆ ಮಾಲೆಯ ಸಂಖ್ಯೆಯೂ 501ರಿಂದಲೇ ಶುರು, ಸಂಗ್ರಾಹಕರ ತಲೆ ಕೆಡಿಸಲು ಇಷ್ಟು ಸಾಕು.) ಅಮರ ಚಿತ್ರ ಕಥೆ ಹುಟ್ಟಿದ್ದು 1967ರಲ್ಲಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿದ್ದೇ ಬೇರೆ: ಮಾಲೆ ಮೊದಲು ಬಂದದ್ದು 1965ರಲ್ಲಿ, ಅದೂ ಕನ್ನಡದಲ್ಲಿ, ಅಲ್ಲಿ ಅದು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷಿಗೆ ಕೈಹಾಕಿತು.

ಈ ಮಾತನ್ನು ನಾನು ಒಂದೆರಡು ಕನ್ನಡ ವೇದಿಕೆಗಳ ಮೇಲೆ ಕೇಳಿದ್ದೇನೆ. ಚಪ್ಪಾಳೆಯೂ ಬಿದ್ದಿದೆ, ನಾನೂ ತಟ್ಟಿದ್ದೇನೆ. ಆದರೆ ಭಾಷಣ ಮಾಡಿದವರಲ್ಲಿ ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಿದವರು ಸಿಗಲಿಲ್ಲ. ಅನಂತರಾಮ್ ಅವರ ಹೇಳಿಕೆಯನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ಹನ್ನೊಂದು ಎಂಬ ಸಂಖ್ಯೆಯೂ ಅವರ ಪರವಾಗಿಯೇ ಇದೆ. ಆದರೂ ಅದು ಹೇಳುವುದು ಮುಂಚೆ ಹತ್ತು ಬಂದಿದ್ದವು ಎಂಬುದನ್ನು ಮಾತ್ರ. ಅವು ಯಾವ ಭಾಷೆಯಲ್ಲಿ, ಯಾವ ವರ್ಷ ಬಂದವೆಂದು ಪ್ರತಿಯೇ ಹೇಳಬೇಕು. ಇಂಗ್ಲಿಷ್ 'ಕೃಷ್ಣ'ಕ್ಕೆ ಚೀಲ ಸುತ್ತಿ ಬೆಲೆ ಕಟ್ಟುವವರಿದ್ದಾರೆ. ಕನ್ನಡದ 'ಸಿಂಡರೆಲಾ' ಇದ್ದರೆ ಅದು ರದ್ದಿವಾಲಾನ ತಕ್ಕಡಿಯಲ್ಲಿ, ಇಲ್ಲವೇ ಊರ ಮನೆಯ ಅಟ್ಟದ ಮೇಲೆ ಇರಬೇಕು.

ದೀಪಾವಳಿಗೆ ಊರಿಗೆ ಹೋಗುವವರಲ್ಲಿ ಒಂದು ಕೋರಿಕೆ. ಅಟ್ಟ ಗುಡಿಸುವಾಗ ಅಂಥ ಪುಸ್ತಕ ಸಿಕ್ಕರೆ, ರಕ್ಷಾಪುಟ ಹರಿದಿದ್ದರೂ, ಒಳಗೆ ಯಾರೋ ಬಣ್ಣದ ಪೆನ್ಸಿಲಿನಿಂದ ಗೀಚಿದ್ದರೂ ಎಸೆಯಬೇಡಿ. 1965ರದಾದರೆ ಬೆಲೆ ಪೈಸೆಯಲ್ಲೋ ರೂಪಾಯಿಯಲ್ಲೋ ಇರಬೇಕು, ನಯೇ ಪೈಸೆಯಲ್ಲಲ್ಲ. ಬೆಂಗಳೂರಿನ ವಿಳಾಸವಿದ್ದರೆ ಪಿನ್ ಕೋಡ್ ಇರಕೂಡದು. ರಾಜ್ಯದ ಹೆಸರಿದ್ದರೆ ಅದು ಮೈಸೂರು. ಮೊದಲ ಪುಟದಲ್ಲಿ ಯಾರಾದರೂ ಹೆಸರು, ತರಗತಿ, ತಾರೀಖು ಬರೆದಿದ್ದರೆ ಅದನ್ನು ಉಜ್ಜಿ ಅಳಿಸಬೇಡಿ. ವ್ಯಾಪಾರಿಗೆ ಅದು ಕಲೆ. ನಮಗೆ ಬೇಕಾದ ಸಾಕ್ಷ್ಯ ಅದೇ ಆಗಿರಬಹುದು. ಪುಸ್ತಕ ನಿಮ್ಮಲ್ಲೇ ಇರಲಿ. ರಕ್ಷಾಪುಟದ ಎರಡೂ ಬದಿಗಳ ಒಂದೊಂದು ಛಾಯಾಚಿತ್ರವನ್ನು ಸಂಪಾದಕರ ವಿಳಾಸಕ್ಕೆ ಕಳಿಸಿಕೊಟ್ಟರೆ ಸಾಕು.