ಮದ್ದಳೆಯನ್ನು ಕಣ್ಣಲ್ಲಿ ಕೇಳುವವರಿಗೆ

ಮನೆಯಲ್ಲಿ ಆಸಿಲೋಸ್ಕೋಪ್ ಇದೆ ಅಂತ ಗೊತ್ತಾದರೆ ಸಾಕು, ಮೆಣಸೆಯ ಹುಡುಗರು ಬಂದು, ಗೆರೆ ಕುಣಿಯುವುದನ್ನು ವಿಡಿಯೋ ಮಾಡಿಕೊಂಡು ಹೋಗುತ್ತಾರೆ. ಡಿಜೆ ಪೆಟ್ಟಿಗೆಯ ಮೇಲೆ ಏರಿಳಿಯುವ ಬಣ್ಣದ ಕಂಬಗಳೇ ಸ್ಪೆಕ್ಟ್ರಮ್ ಅಂದುಕೊಂಡವರು ಇವರು. ಬರೀ ಅಲೆ ನೋಡಿ ಹೋದವರು ಹೊಸ್ತಿಲಿಂದಲೇ ವಾಪಸಾದಂತೆ. ಮ್ಯಾಥ್ ಮೆನುವಿಗೆ ಹೋಗಿ, ನಾದವನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಎಫ್‌ಎಫ್‌ಟಿ ಆರಿಸಿ, ಆಮೇಲೆ ಮಾತಾಡೋಣ.

ನನಗೆ ಈ ಹುಚ್ಚು ಹಿಡಿದದ್ದು ಒಂದು ತಾಳಮದ್ದಳೆಯ ಮರುದಿನ. ಮದ್ದಳೆಗಾರರು ನಮ್ಮಲ್ಲೇ ಉಳಿದಿದ್ದರು. ಜಗಲಿಯಲ್ಲಿ ಮೈಕ್ ಇಟ್ಟು, ಆಂಪ್ಲಿಫೈಯರ್ ಮೂಲಕ ಸ್ಕೋಪಿಗೆ ಕೊಟ್ಟು, ‘ಬಲಕ್ಕೆ ಒಂದೇ ಒಂದು ಪೆಟ್ಟು ಹಾಕಿ ಮಾರಾಯ್ರೆ’ ಅಂದೆ. ಶಿಖರಗಳು ಸಮ ಅಂತರದಲ್ಲಿ ಎದ್ದು ನಿಂತವು: ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು. ಚೆಂಡೆಗೆ ಈ ಶಿಸ್ತು ಬರಲಿಲ್ಲ. ಬರೀ ಚರ್ಮ ಬಿಗಿದ ವೃತ್ತದ ಲೆಕ್ಕವೇ 1, 1.59, 2.14, 2.30 ಅಂತ ಎತ್ತೆತ್ತಲೋ ಹೋಗುತ್ತದೆ. ಮದ್ದಳೆಯಲ್ಲಿ ಅದನ್ನು ಸಾಲಿಗೆ ತರುವುದು ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರ. ಮೃದಂಗ, ತಬಲಾಗಳ ಈ ಗುಣವನ್ನೇ ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಇನ್ನಷ್ಟು ವಿಸ್ತರಿಸಿದರು. ಅವರ ಹತ್ತಿರ ಎಫ್‌ಎಫ್‌ಟಿ ಎಲ್ಲಿತ್ತು? ಚರ್ಮದ ಮೇಲೆ ಮರಳು ಉದುರಿಸಿ ನೋಡಿದರು.

ಇನ್ನು ವಿಂಡೋ, ಅಂದರೆ ಹಿಡಿದ ಚೌಕಟ್ಟಿನ ಅಂಚುಗಳನ್ನು ಲೆಕ್ಕಕ್ಕೆ ಮೊದಲು ಹೇಗೆ ತಗ್ಗಿಸಬೇಕೆಂಬ ಆಯ್ಕೆ. ರಸಿಕ ಯಾರು, ಗುಂಡಿ ಒತ್ತುವವ ಯಾರು ಎಂದು ತಿಳಿಯುವುದು ಇಲ್ಲೇ. ಎಲ್ಲದಕ್ಕೂ ಹ್ಯಾನಿಂಗ್ ಹಾಕಿ ಎನ್ನುವ ಪಂಡಿತರಿದ್ದಾರೆ. ಹ್ಯಾನಿಂಗ್ ಚೌಕಟ್ಟಿನ ಎರಡೂ ತುದಿಗಳನ್ನು ಸೊನ್ನೆಗೆ ಇಳಿಸುತ್ತದೆ. ಟ್ರಿಗರ್ ಎಡತುದಿಯಲ್ಲಿದ್ದರೆ ಪೆಟ್ಟು ಬಿದ್ದ ಕ್ಷಣವೂ ಅಲ್ಲೇ ಇರುತ್ತದೆ, ಅದೇ ಅಳಿಸಿಹೋಗುತ್ತದೆ! ಉಳಿಯುವುದು ಬಾಲ ಮಾತ್ರ. ಚೌಕಟ್ಟಿನೊಳಗೇ ಹುಟ್ಟಿ ಅಲ್ಲೇ ಸಾಯುವ ನಾದಕ್ಕೆ ರೆಕ್ಟ್ಯಾಂಗ್ಯುಲರ್ ಸಾಕು. ತಂಬೂರಿಯ ಶ್ರುತಿ ಹಾಗಲ್ಲ, ನೀವು ನೋಡಲು ಶುರುಮಾಡುವ ಮೊದಲೂ ಇರುತ್ತದೆ, ಆಮೇಲೂ ಇರುತ್ತದೆ. ಅದಕ್ಕೆ ರೆಕ್ಟ್ಯಾಂಗ್ಯುಲರ್ ಹಾಕಿದರೆ ಶಿಖರಗಳ ಬುಡ ಅಗಲವಾಗಿ ಪಕ್ಕದ ಸಣ್ಣ ಸ್ವರಗಳನ್ನು ಮುಚ್ಚುತ್ತದೆ. ಹ್ಯಾನಿಂಗ್ ಬೇಕಾಗುವುದು ಅಲ್ಲಿ. ಎತ್ತರ ಅಳೆಯುವವರಿಗೆ ಫ್ಲ್ಯಾಟ್‌ಟಾಪ್ ಇದೆ, ನನಗೆ ಅದರಲ್ಲಿ ಆಸಕ್ತಿಯಿಲ್ಲ.

ಆಟೋಸೆಟ್ ಗುಂಡಿಯನ್ನು ಮರೆತುಬಿಡಿ. ಅದು ನಾಲ್ಕೈದು ಅಲೆಗಳನ್ನು ಅಂದವಾಗಿ ತೋರಿಸಿ ಸುಮ್ಮನಾಗುತ್ತದೆ. 10 ಮಿಲಿಸೆಕೆಂಡ್ ಹಿಡಿದರೆ ಎಫ್‌ಎಫ್‌ಟಿಯ ಗೆರೆಗಳು 100 ಹರ್ಟ್ಸ್ ದೂರ ದೂರ. ಅರ್ಧ ಸೆಕೆಂಡ್ ಹಿಡಿದರೆ 2 ಹರ್ಟ್ಸ್. ಟೈಮ್‌ಬೇಸ್ ನಿಧಾನ ಮಾಡಿ. ಆದರೆ ಸ್ಯಾಂಪ್ಲಿಂಗ್ ದರದ ಮೇಲೂ ಕಣ್ಣಿರಲಿ: ಅದರ ಅರ್ಧಕ್ಕಿಂತ ಮೇಲಿನ ಸ್ವರಗಳು ಮಡಚಿಕೊಂಡು ಕೆಳಗೆ ಸುಳ್ಳು ಶಿಖರಗಳಾಗಿ ಬರುತ್ತವೆ. ಅಲೆಯ ತಲೆ ಕತ್ತರಿಸಿದರೂ ಇಲ್ಲದ ಶಿಖರ ಹುಟ್ಟುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಹಳೆಯ ಚೌಕ ಅಲೆಯ (ಸ್ಕ್ವೇರ್ ವೇವ್) ಇನ್ವರ್ಟರ್ ಓಡುತ್ತಿದ್ದಾಗ 50, 150, 250ರಲ್ಲಿ ಗೂಟ ಕಂಡರೆ ಮದ್ದಳೆಗಾರರನ್ನು ಬೈಯಬೇಡಿ.

ಮೇಳ ಊರಿಗೆ ಬಂದಾಗ ಆಟಕ್ಕೆ ಮೊದಲು ಚೌಕಿಗೆ ಹೋಗಿ. ಶ್ರುತಿ ಮಾಡುವ ಹೊತ್ತಿಗೆ ಮದ್ದಳೆಗಾರರನ್ನು ಕೇಳಿ ಒಂದು ಪೆಟ್ಟು ಹಿಡಿದುಕೊಳ್ಳಿ, ಶ್ರುತಿ ಕೂಡಿದ ಮೇಲೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.