ಎನ್‌ಫೀಲ್ಡ್ ಬಂದೂಕಿನ ಗುಂಡು ಮತ್ತು ನಮ್ಮ ಇತಿಹಾಸ ಲೇಖನ: ಒಂದು ವಿಮರ್ಶೆ

೧೮೫೭ರ ದಂಗೆಯ ಕಾರಣಗಳನ್ನು ವಿವರಿಸುವ ನಮ್ಮ ಪಠ್ಯಗ್ರಂಥಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಸಿಪಾಯಿಗಳು ದನದ ಮತ್ತು ಹಂದಿಯ ಕೊಬ್ಬನ್ನು ಸವರಿದ ಗುಂಡುಗಳನ್ನು ಹಲ್ಲಿನಿಂದ ಕಚ್ಚಬೇಕಾಯಿತು, ಇದರಿಂದ ಉಭಯ ಮತದವರೂ ಕೆರಳಿದರು ಎಂಬುದೇ ಆ ಮಾತು. ಅಫಜಲಪುರದ ತರಗತಿಯೊಂದರಲ್ಲಿ ನಾನು ಇದನ್ನೇ ಒಪ್ಪಿಸುತ್ತಿದ್ದಾಗ ಭೀಮಾ ತೀರದ ಒಕ್ಕಲು ಮನೆತನದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಸೀಸದ ಗುಂಡಿಗೆ ಕೊಬ್ಬು ಯಾಕೆ ಬೇಕು? ಗುಂಡನ್ನು ಕಚ್ಚಿ ಮಾಡುವುದಾದರೂ ಏನು?" ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಕಪಾಟಿನಲ್ಲಿದ್ದ ಕನ್ನಡ ಗ್ರಂಥಗಳನ್ನೆಲ್ಲ ತಿರುವಿದೆನು, ಅವುಗಳಲ್ಲಿಯೂ ಇರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ. ಜೊತೆಗೆ, ಆ ಪ್ರಶ್ನೆಯನ್ನು ಕೇಳದೆ ಬಿಟ್ಟುದರಿಂದ ನಮ್ಮ ಇತಿಹಾಸ ಲೇಖನಕ್ಕೆ ತಗಲಿದ ದೋಷದ ವಿಚಾರ.

ದೋಷದ ಮೂಲ ಶಬ್ದದಲ್ಲಿಯೇ ಇದೆ. ಗುಂಡು ಎಂಬ ಮಾತಿನಲ್ಲಿ ದುಂಡಗಿರುವಿಕೆಯ ಅರ್ಥ ಸೇರಿಕೊಂಡಿದೆ. ನಮ್ಮ ಹಿರಿಯರು ಕಂಡ ಬಂದೂಕಿನ ಗುಂಡು ಗೋಲಿಯಂತೆ ದುಂಡಗೇ ಇದ್ದಿತು. ಎನ್‌ಫೀಲ್ಡಿನ ಗುಂಡು ಹಾಗಿರಲಿಲ್ಲ. ಬುಡದಲ್ಲಿ ಟೊಳ್ಳಾಗಿ, ನಡುವೆ ಉರುಳೆಯಾಗಿ, ತುದಿಯಲ್ಲಿ ಶಂಕುವಿನಂತೆ ಮೊನಚಾಗಿತ್ತು. ತೋಟಾ ಎಂಬುದು ಇದರಿಂದ ಬೇರೆಯಾದ ವಸ್ತು: ಒಂದು ಸಲದ ಮದ್ದನ್ನೂ ಒಂದು ಗುಂಡನ್ನೂ ಒಳಗೊಂಡ ಕಾಗದದ ಕೊಳವೆ. ಸಿಪಾಯಿಯು ಕಚ್ಚುತ್ತಿದ್ದುದು ಕಾಗದವನ್ನು, ಸೀಸವನ್ನಲ್ಲ. ಗುಂಡು, ತೋಟಾ ಎರಡನ್ನೂ ಒಂದೇ ಎಂದು ಬರೆದ ಗ್ರಂಥಕರ್ತನಿಗೆ ಮುಂದಿನ ಯಾವ ಸಂಗತಿಯೂ ತಿಳಿಯಾಗುವುದು ಸಾಧ್ಯವಿಲ್ಲ.

ಬಾಯಿಯಿಂದ ತುಂಬುವ ಬಂದೂಕಿನಲ್ಲಿ ಒಂದು ಹಳೆಯ ತೊಡಕಿತ್ತು. ಹೊಡೆತ ನೇರವಾಗಿ ಹೋಗಬೇಕಾದರೆ ನಳಿಗೆಯ ಒಳಮೈಯಲ್ಲಿ ಸುರುಳಿಗೀರುಗಳಿರಬೇಕು. ಗುಂಡು ಆ ಗೀರುಗಳನ್ನು ಬಿಗಿಯಾಗಿ ಹಿಡಿದು ತಿರುಗುತ್ತ ಹೊರಬರಬೇಕು. ಆದರೆ ಬಿಗಿಯಾದ ಗುಂಡನ್ನು ಬಾಯಿಯಿಂದ ಬುಡದವರೆಗೆ ಜಡಿಯುವುದು ಶ್ರಮದ ಕೆಲಸ, ನಿಧಾನದ ಕೆಲಸ. ಆದುದರಿಂದ ಸಾಮಾನ್ಯ ಕಾಲಾಳಿನ ಕೈಗೆ ಗೀರಿಲ್ಲದ ನುಣುಪು ನಳಿಗೆಯ ಬಂದೂಕನ್ನೇ ಕೊಡುತ್ತಿದ್ದರು. ಬ್ರಿಟಿಷರ ಹಳೆಯ ಬಂದೂಕಿನ ನಳಿಗೆಯ ಒಳ ಅಗಲ ಒಂದು ಅಂಗುಲದ ಮುಕ್ಕಾಲು ಪಾಲು. ಅದರ ಗುಂಡು ಸುಮಾರು ೦.೬೯ ಅಂಗುಲ. ಇಷ್ಟು ಸಡಿಲವಾದ ಗುಂಡು ನಳಿಗೆಯೊಳಗೆ ಅತ್ತಿತ್ತ ಬಡಿದುಕೊಂಡು ಹೊರಡುತ್ತಿತ್ತು. ನೂರು ಗಜದಾಚೆ ಅದನ್ನು ನೆಚ್ಚುವಂತಿರಲಿಲ್ಲ.

ಹೋಗುವಾಗ ಸಡಿಲ, ಬರುವಾಗ ಬಿಗಿ: ಇಂತಹ ಗುಂಡು ಬೇಕಾಗಿತ್ತು. ಕ್ಯಾಪ್ಟನ್ ನಾರ್ಟನ್ ಎಂಬ ಅಧಿಕಾರಿಗೆ ಇದರ ಹೊಳಹು ದೊರೆತುದು ದಕ್ಷಿಣ ಭಾರತದಲ್ಲಿ ಎಂದು ಬಂದೂಕಿನ ಚರಿತ್ರಕಾರರು ಹೇಳುತ್ತ ಬಂದಿದ್ದಾರೆ. ಇಲ್ಲಿಯ ಜನರು ಊದುಗೊಳವೆಯಲ್ಲಿ ಬಳಸುತ್ತಿದ್ದ ಅಂಬಿನ ಬುಡಕ್ಕೆ ಮೆದುವಾದ ಬೆಂಡು ಇರುತ್ತಿತ್ತಂತೆ. ಊದಿದಾಗ ಅದು ಹಿಗ್ಗಿ ಕೊಳವೆಯನ್ನು ತುಂಬಿ ಗಾಳಿ ಸೋರದಂತೆ ತಡೆಯುವುದನ್ನು ಆತನು ಕಂಡನಂತೆ. ಕಥೆ ಸೊಗಸಾಗಿದೆ. ಇಂತಹ ಸೊಗಸಾದ ಮೂಲಕಥೆಗಳನ್ನು ಇತಿಹಾಸದ ವಿದ್ಯಾರ್ಥಿಯು ಸ್ವಲ್ಪ ದೂರದಿಂದಲೇ ನೋಡಬೇಕು. ತತ್ತ್ವವಂತೂ ಅದೇ. ೧೮೪೯ರ ಸುಮಾರಿಗೆ ಫ್ರಾನ್ಸಿನ ಮಿನಿಯೆ ಟೊಳ್ಳು ಬುಡದ ಗುಂಡಿನೊಳಗೆ ಕಬ್ಬಿಣದ ಪುಟ್ಟ ಬಟ್ಟಲನ್ನಿಟ್ಟನು; ಮದ್ದು ಸಿಡಿದಾಗ ಬಟ್ಟಲು ಒಳನುಗ್ಗಿ ಸೀಸದ ಅಂಚನ್ನು ಗೀರುಗಳೊಳಕ್ಕೆ ಒತ್ತುತ್ತಿತ್ತು. ಲಂಡನ್ನಿನ ಬಂದೂಕು ತಯಾರಕ ಪ್ರಿಚೆಟ್ ಆ ಬಟ್ಟಲನ್ನೂ ತೆಗೆದುಹಾಕಿ, ಸಿಡಿತದ ಒತ್ತಡವೇ ಮೆದು ಸೀಸವನ್ನು ಹಿಗ್ಗಿಸುವಂತೆ ಮಾಡಿದನು. ಈತನು ಚಿತ್ರಕಾರನೂ ಹೌದು. ಡಾರ್ವಿನ್ನನ ಪ್ರವಾಸಕಥನದ ೧೮೯೦ರ ಮುದ್ರಣಕ್ಕೆ ಚಿತ್ರಗಳನ್ನು ಬರೆದವನು ಈತನೇ.

೧೮೫೩ರ ಮಾದರಿಯ ಎನ್‌ಫೀಲ್ಡಿಗೆ ಆಯ್ದುದು ಈ ಗುಂಡನ್ನು. ನಳಿಗೆಯ ಒಳ ಅಗಲ ೦.೫೭೭ ಅಂಗುಲ, ಗುಂಡಿನದು ೦.೫೬೮, ನಡುವಣ ಸಂದು ಒಂದು ಅಂಗುಲದ ಸಾವಿರದಲ್ಲಿ ಒಂಬತ್ತು ಪಾಲು ಮಾತ್ರ. ತೂಕ ೫೩೦ ಗ್ರೇನು, ನಮ್ಮ ಲೆಕ್ಕದಲ್ಲಿ ಮೂರು ತೊಲೆಗೆ ತುಸು ಕಡಿಮೆ. ಇಷ್ಟೇ ಅಗಲದ ದುಂಡು ಗುಂಡು ಇದರ ಅರ್ಧದಷ್ಟು ಮಾತ್ರ ತೂಗುತ್ತದೆ. ಅಂದರೆ ಹಳೆಯ ಅಗಲ ಬಂದೂಕಿನ ಗುಂಡಿನ ತೂಕವನ್ನು ಕಿರಿದಾದ ನಳಿಗೆಯಲ್ಲಿ ಉಳಿಸಿಕೊಂಡುದೇ ಶಂಕುವಿನಾಕಾರದ ಲಾಭ. ನಳಿಗೆಯ ಉದ್ದ ೩೯ ಅಂಗುಲ. ಗೀರು ಒಂದು ಪೂರ್ಣ ಸುತ್ತು ಬರಲು ೭೮ ಅಂಗುಲ ಬೇಕು. ಆದುದರಿಂದ ಗುಂಡು ನಳಿಗೆಯೊಳಗೆ ಅರ್ಧ ಸುತ್ತು ಮಾತ್ರ ತಿರುಗುತ್ತಿತ್ತು. ಗುರಿಪಟ್ಟಿಯ ಗುರುತುಗಳಾದರೋ ೯೦೦ ಗಜದವರೆಗೆ ಇದ್ದವು.

ಇನ್ನು ಕೊಬ್ಬಿನ ವಿಚಾರ. ಕರಿಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಘನವಾದ ಕಿಟ್ಟವಾಗಿ ಉಳಿಯುತ್ತದೆ. ಒಣ ಹವೆಯಲ್ಲಿ ಆ ಕಿಟ್ಟ ನಳಿಗೆಗೆ ಗಟ್ಟಿಯಾಗಿ ಅಂಟುತ್ತದೆ. ಸಾವಿರದಲ್ಲಿ ಒಂಬತ್ತು ಪಾಲಿನ ಸಂದು ಹತ್ತಾರು ಹೊಡೆತಗಳಲ್ಲಿ ಮುಚ್ಚಿಹೋಗಿ ಮುಂದಿನ ಗುಂಡು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಿಡ್ಡು ಕಿಟ್ಟವನ್ನು ಮೆದುವಾಗಿಡುತ್ತದೆ, ಅದಕ್ಕಾಗಿಯೇ ಕೊಬ್ಬು. ಪ್ರಿಚೆಟ್ಟನ ಗುಂಡಿನ ಮೈ ನುಣುಪಾಗಿತ್ತು, ಜಿಡ್ಡು ನಿಲ್ಲಲು ಅದರ ಮೇಲೆ ಕಚ್ಚುಗಳಿರಲಿಲ್ಲ. ಅಮೆರಿಕದಲ್ಲಿ ಬರ್ಟನ್ ೧೮೫೫ರ ಹೊತ್ತಿಗೆ ಸಿದ್ಧಪಡಿಸಿದ ಗುಂಡಿನಲ್ಲಿ ಸುತ್ತುಗಚ್ಚುಗಳನ್ನು ಮಾಡಿ ಜಿಡ್ಡನ್ನು ಸೀಸದ ಮೇಲೆಯೇ ನಿಲ್ಲಿಸಿದನು. ಕಾಗದವನ್ನು ಎಸೆದು ಗುಂಡನ್ನು ಮಾತ್ರ ನಳಿಗೆಗೆ ಹಾಕುತ್ತಿದ್ದರು. ಎನ್‌ಫೀಲ್ಡಿನಲ್ಲಿ ಕಾಗದವೇ ಗುಂಡಿನ ಅಂಗಿಯಾಗಿ ಒಳಗೆ ಹೋಗಬೇಕಾಗಿದ್ದುದರಿಂದ ಜಿಡ್ಡು ತೋಟೆಯ ಹೊರಮೈಗೆ ಬಂದಿತು, ಅಂದರೆ ಸಿಪಾಯಿಯ ಬೆರಳಿಗೆ ಬಂದಿತು. ಗುಂಡಿನ ಆಕಾರದ ಆಯ್ಕೆ ಇಲ್ಲಿ ಇತಿಹಾಸವನ್ನು ಮುಟ್ಟುತ್ತದೆ.

ಈ ಆಯ್ಕೆ ಅನಿವಾರ್ಯವಾಗಿದ್ದಿತೆಂದು ತಿಳಿಯಬಾರದು. ಅದೇ ಕಾಲದಲ್ಲಿ ಸಿಂಧದ ಜಾಕೋಬಾಬಾದಿನಲ್ಲಿ ಜನರಲ್ ಜಾನ್ ಜೇಕಬ್ ನಾಲ್ಕು ಗೀರುಗಳ ನಳಿಗೆಗೆ ನಾಲ್ಕು ಏಣುಗಳ ಶಂಕುಗುಂಡನ್ನು ಎರಕಹೊಯ್ದು ಪರೀಕ್ಷಿಸುತ್ತಿದ್ದನು. ಅಲ್ಲಿ ಗುಂಡು ಹಿಗ್ಗಬೇಕಾದ ಅಗತ್ಯವೇ ಇರಲಿಲ್ಲ. ಮಧ್ಯಪ್ರಾಂತದ ಕಾಡುಗಳಲ್ಲಿ ಬೇಟೆಯಾಡಿದ ಫಾರ್ಸೈಥ್ ೧೮೬೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಶಂಕುಗುಂಡನ್ನೇ ತಳ್ಳಿಹಾಕಿ, ಹತ್ತಿರದ ಬೇಟೆಗೆ ನಿಧಾನ ಸುತ್ತಿನ ಗೀರು, ಹೆಚ್ಚು ಮದ್ದು, ದೊಡ್ಡ ದುಂಡು ಗುಂಡು ಇವೇ ಲೇಸೆಂದು ವಾದಿಸಿದನು. ದೂರದ ಗುರಿಯನ್ನು ಬಯಸಿದ ಸೈನ್ಯಕ್ಕೆ ಒಂದು ಗುಂಡು, ಪೊದೆಯ ಮರೆಯ ಮೃಗಕ್ಕೆ ಇನ್ನೊಂದು. ಸೈನ್ಯದ ಗುಂಡಾದರೂ ನಿರ್ದೋಷವಾಗಿರಲಿಲ್ಲ. ೧೮೫೭ರ ಕಾಳಗಗಳಲ್ಲಿ ಬ್ರಿಟಿಷ್ ಸೈನಿಕರಿಗೇ ಅದನ್ನು ತುಂಬುವುದು ಕಷ್ಟವಾಗಿ, ಆಮೇಲೆ ಗುಂಡಿನ ಅಗಲವನ್ನು ೦.೫೫ ಅಂಗುಲಕ್ಕೆ ಇಳಿಸಬೇಕಾಯಿತು.

ತುಂಬುವ ಕ್ರಮವನ್ನು ಒಮ್ಮೆ ನೋಡೋಣ. ತೋಟೆಯ ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಜಿಡ್ಡಿನಲ್ಲಿ ಅದ್ದುತ್ತಿದ್ದುದು ಗುಂಡಿನ ತುದಿಯನ್ನು. ಹಲ್ಲಿನಿಂದ ಹರಿಯುತ್ತಿದ್ದುದು ಮದ್ದಿನ ತುದಿಯನ್ನು. ಮದ್ದನ್ನು ನಳಿಗೆಗೆ ಸುರಿದು, ತೋಟೆಯನ್ನು ತಿರುವಿ ಜಿಡ್ಡಿನ ತುದಿಯನ್ನು ಬಾಯಿಗಿಟ್ಟು, ಉಳಿದ ಕಾಗದವನ್ನು ಹರಿದೆಸೆದು, ಉಕ್ಕಿನ ಸರಳಿನಿಂದ ಕೆಳಗೆ ಒತ್ತಬೇಕು. ಇದನ್ನೇ ಆಧಾರವಾಗಿಟ್ಟುಕೊಂಡು, ಜಿಡ್ಡು ಬಾಯಿಗೆ ಸೋಕುವಂತೆಯೇ ಇರಲಿಲ್ಲ, ಸಿಪಾಯಿಗಳದು ಬರಿಯ ಭ್ರಮೆ ಎನ್ನುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಹತ್ತು ತೋಟೆಗಳನ್ನು ಒಂದೇ ಕಟ್ಟಿನಲ್ಲಿ ಸುತ್ತಿಡುತ್ತಿದ್ದರು. ನಮ್ಮ ಬಿಸಿಲಿಗೆ ಕೊಬ್ಬು ಕರಗಿದರೆ ಅದಕ್ಕೆ ಈ ತುದಿ ಆ ತುದಿ ಎಂಬ ಭೇದವುಂಟೆ? ಅಲ್ಲದೆ ಮೈಲಿಗೆಯಾಗಲು ಕಚ್ಚಲೇಬೇಕೆಂದಿಲ್ಲ, ಮುಟ್ಟಿದರೂ ಸಾಕು. ಇಷ್ಟು ಸಾಮಾನ್ಯ ಸಂಗತಿಯನ್ನು ಮರೆತವರು ಆ ಕಾಲದ ಸಮಾಜವನ್ನು ಅರಿಯದವರೇ ಸರಿ.

ಆದರೆ ನಮ್ಮ ಗ್ರಂಥಕರ್ತರ ಪಕ್ಷವೂ ಇಷ್ಟರಿಂದ ಗೆದ್ದಂತಾಗಲಿಲ್ಲ. ೧೮೫೭ರ ಆರಂಭದಲ್ಲಿ ಬಂಗಾಳ ಸೈನ್ಯದ ಸಿಪಾಯಿಗಳಿಗೆ ಹೊಸ ಬಂದೂಕಿನ ಶಿಕ್ಷಣ ದೊರೆಯುತ್ತಿದ್ದುದು ದಮ್‌ದಮ್, ಅಂಬಾಲಾ, ಸಿಯಾಲ್‌ಕೋಟ್ ಈ ಮೂರು ಕೇಂದ್ರಗಳಲ್ಲಿ ಮಾತ್ರ. ಜನವರಿಯ ಕೊನೆಗೆ, ಜಿಡ್ಡಿಲ್ಲದ ತೋಟೆಗಳನ್ನು ಕೊಟ್ಟು ಸಿಪಾಯಿಗಳೇ ತಮಗೊಪ್ಪುವ ಜಿಡ್ಡನ್ನು ಸವರಿಕೊಳ್ಳಲೆಂದು ಸರಕಾರ ಅಪ್ಪಣೆಮಾಡಿತು. ಆಗ ಸಂಶಯವು ಕೊಬ್ಬಿನಿಂದ ಕಾಗದಕ್ಕೆ ಹಾರಿತು. ಫೆಬ್ರವರಿಯಲ್ಲಿ ಬ್ಯಾರಕ್‌ಪುರದ ವಿಚಾರಣೆಯಲ್ಲಿ ಸಿಪಾಯಿಗಳು ದೂರಿದುದು ಮಿರುಗುವ ಕಾಗದವನ್ನು. ಏಪ್ರಿಲ್ ೨೪ರಂದು ಮೀರತ್ತಿನಲ್ಲಿ ೯೦ ಸವಾರರ ಪೈಕಿ ೮೫ ಮಂದಿ ತೋಟೆಗಳನ್ನು ಮುಟ್ಟಲೊಲ್ಲೆವೆಂದಾಗ ಅವರ ಮುಂದಿದ್ದುದು ಹಳೆಯ ಮಾದರಿಯ ತೋಟಾ, ಎನ್‌ಫೀಲ್ಡಿನದಲ್ಲ. ವಸ್ತು ಬದಲಾದರೂ ಅಪನಂಬಿಕೆ ಬದಲಾಗಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಕೊಬ್ಬೊಂದನ್ನೇ ಕಾರಣವೆಂದು ಬರೆಯುವ ವಾಕ್ಯವು ಮೀರತ್ತಿನ ಈ ಸಂಗತಿಯ ಎದುರಿಗೆ ಏನನ್ನು ಹೇಳಬಲ್ಲುದು?

ಕರ್ನಾಟಕಕ್ಕೆ ಬಂದಾಗ ಆ ವಾಕ್ಯವು ಮತ್ತಷ್ಟು ನಿರರ್ಥಕವಾಗುತ್ತದೆ. ನಮ್ಮ ಪಠ್ಯಗಳು ಕೊಬ್ಬಿನ ಕಥೆಯನ್ನು ಮುಗಿಸಿ, ಅದೇ ಉಸಿರಿನಲ್ಲಿ ಹಲಗಲಿಗೂ ಸುರಪುರಕ್ಕೂ ಇಳಿಯುತ್ತವೆ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕಂಪನಿಯ ಸಿಪಾಯಿಗಳಲ್ಲ. ಎನ್‌ಫೀಲ್ಡನ್ನು ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ. ಅವರ ಕೈಯಲ್ಲಿದ್ದುದನ್ನು ಕಸಿಯಲು ಬಂದುದೇ ೧೮೫೭ರ ನವೆಂಬರಿನ ಜಗಳಕ್ಕೆ ಕಾರಣ. ಆ ವರ್ಷದ ೨೮ನೆಯ ಕಾಯಿದೆಯು ಆಯುಧ ಮತ್ತು ಮದ್ದುಗುಂಡುಗಳ ತಯಾರಿಕೆ, ಮಾರಾಟ, ಒಡೆತನ ಇವೆಲ್ಲವನ್ನೂ ಹತೋಟಿಗೆ ತಂದಿತು. ಹಲಗಲಿಯ ಲಾವಣಿಯೂ ಹತಾರ ಕಸಿಯುವ ಆಜ್ಞೆಯಿಂದಲೇ ಕಥೆಯನ್ನು ಎತ್ತಿಕೊಳ್ಳುತ್ತದೆ. ಈ ವಿಷಯದಲ್ಲಿ ಲಾವಣಿಕಾರನು ಪಠ್ಯಕರ್ತನಿಗಿಂತ ನಂಬತಕ್ಕ ಚರಿತ್ರಕಾರನೆನ್ನಬೇಕು. ದುಂಡು ಗುಂಡಿನ ಬಂದೂಕು ಉಳ್ಳವನು ಸೀಸವನ್ನು ಕರಗಿಸಿ ತನ್ನ ಅಚ್ಚಿನಲ್ಲಿ ತಾನೇ ಎರಕಹೊಯ್ದುಕೊಳ್ಳಬಲ್ಲನು; ಒಲೆಯೊಂದಿದ್ದರೆ ಸಾಕು. ಸಾವಿರದಲ್ಲಿ ಒಂಬತ್ತು ಪಾಲಿನ ಸಂದಿಗೆ ಹೊಂದುವ ಶಂಕುಗುಂಡು ಅಂತಹದಲ್ಲ. ಅದಕ್ಕೆ ಯಂತ್ರ ಬೇಕು, ಅಳತೆಗಾರ ಬೇಕು, ಕಾರಖಾನೆ ಬೇಕು. ಹಲಗಲಿಯಲ್ಲಿ ಪಣಕ್ಕಿದ್ದುದು ಒಲೆಯ ಗುಂಡಿನ ಒಡೆತನ. ಅದಕ್ಕಾಗಿ ೧೯ ಜನ ಗಲ್ಲಿಗೇರಿದರು. ಭೀಮಾ–ಕೃಷ್ಣೆಯರ ನಡುವಣ ಸುರಪುರದಲ್ಲಿ ೧೮೫೮ರ ಫೆಬ್ರವರಿಯಲ್ಲಿ ಕಾಳಗ ನಡೆದುದು ರಾಜಾ ವೆಂಕಟಪ್ಪನಾಯಕನ ಸಂಸ್ಥಾನದ ಪ್ರಶ್ನೆಗಾಗಿ. ಈ ಎರಡು ಊರುಗಳಲ್ಲಿ ಯಾವುದರ ಕಥೆಯನ್ನು ಹೇಳಲೂ ಕೊಬ್ಬಿನ ತೋಟೆ ಬೇಕಿಲ್ಲ.

ದಂಗೆ ಅಡಗಿದ ಮೇಲೆ ನಡೆದ ಒಂದು ಸಂಗತಿಯನ್ನು ನಮ್ಮ ಪಠ್ಯಗಳು ಹೇಳುವುದೇ ಇಲ್ಲ. ೧೮೫೮ರ ಮಾದರಿಯೆಂದು ಭಾರತೀಯ ಪಡೆಗಳಿಗಾಗಿ ಎನ್‌ಫೀಲ್ಡಿನದೇ ರೂಪದ ಹೊಸ ಬಂದೂಕನ್ನು ಸಿದ್ಧಪಡಿಸಿದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ನಳಿಗೆಯ ಅಗಲ ೦.೬೫೬ ಅಂಗುಲ, ಗೀರುಗಳಿಲ್ಲ. ಗೀರಿಲ್ಲದ ನಳಿಗೆಯಿಂದ ಶಂಕುಗುಂಡನ್ನು ಹೊಡೆದರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಆದುದರಿಂದ ಸಿಪಾಯಿಯ ಪಾಲಿಗೆ ಮತ್ತೆ ಹಳೆಯ ದುಂಡು ಗುಂಡೇ ಉಳಿಯಿತು. ಅವನ ಪಕ್ಕದಲ್ಲಿ ನಿಂತ ಗೋರಾ ಸೈನಿಕನ ಬಂದೂಕಿನಲ್ಲಿ ಮೂರು ಗೀರುಗಳು ಹಾಗೆಯೇ ಇದ್ದವು.