ರಕ್ತದಲ್ಲಿನ ಬೆಳವಣಿಗೆಯ ಹಾರ್ಮೋನು: ಅಳತೆ ಮತ್ತು ಅರ್ಥ

ಇಸ್ರೇಲಿನ ವೈದ್ಯ ಜ್ವಿ ಲ್ಯಾರನ್ ಮತ್ತು ಅವರ ಸಹೋದ್ಯೋಗಿಗಳು 1966ರಲ್ಲಿ ಪ್ರಕಟಿಸಿದ ಪ್ರಬಂಧವು, ಬೆಳವಣಿಗೆಯ ಹಾರ್ಮೋನನ್ನು ರಕ್ತದಲ್ಲಿ ಅಳೆಯುವವರೆಲ್ಲರೂ ಮತ್ತೆ ಮತ್ತೆ ಓದಬೇಕಾದುದು. ಒಂದೇ ಕುಟುಂಬದ ಮೂವರು ಮಕ್ಕಳು ಅತಿ ಕುಳ್ಳರಾಗಿದ್ದರು. ಪಿಟ್ಯುಟರಿ ಗ್ರಂಥಿಯಿಂದ ಆ ಹಾರ್ಮೋನು ಸ್ರವಿಸದವರ ಲಕ್ಷಣಗಳೇ ಅವರಲ್ಲಿ ಕಂಡುಬಂದುವು. ಆದರೆ ರಕ್ತವನ್ನು ಪರೀಕ್ಷಿಸಲಾಗಿ ಹಾರ್ಮೋನು ಕಡಿಮೆಯಿರುವ ಬದಲು ವಿಪರೀತವಾಗಿ ಹೆಚ್ಚಿತ್ತು. ಈ ವಿರೋಧವನ್ನು ಮುಚ್ಚಿಡದೆ ಮುಂದಿಟ್ಟುದು ಲೇಖಕರ ಪ್ರಾಮಾಣಿಕತೆ. ಆದರೂ ಅವರು ವ್ಯಾಧಿಗೆ ಪಿಟ್ಯುಟರಿ ಕುಬ್ಜತೆಯೆಂದೇ ಹೆಸರಿಟ್ಟರು. ನಿರಪರಾಧಿಯಾದ ಗ್ರಂಥಿಯ ಮೇಲೆ ದೋಷ ಹೊರಿಸಿದಂತಾಯಿತು. ದೋಷವಿದ್ದುದು ಹಾರ್ಮೋನನ್ನು ಬರಮಾಡಿಕೊಳ್ಳಬೇಕಾದ ಗ್ರಾಹಕದಲ್ಲಿ ಎಂಬುದು ಜೀನುಗಳ ಪರೀಕ್ಷೆಯಿಂದ 1989ರಲ್ಲಿ ಸ್ಥಿರಪಟ್ಟಿತು.

ಈ ತಪ್ಪು ಹೆಸರಿಗೆ ಎಡೆಗೊಟ್ಟುದು ಅಳತೆಯ ಮೇಲಣ ಅತಿವಿಶ್ವಾಸವೆಂದು ನಮ್ಮ ಅಭಿಪ್ರಾಯ. ಗ್ಲಿಕ್, ರಾತ್, ಯಾಲೊ ಮತ್ತು ಬರ್ಸನ್ ಎಂಬವರು 1963ರಲ್ಲಿ ವಿವರಿಸಿದ ವಿಧಾನದಲ್ಲಿ, ವಿಕಿರಣಶೀಲ ಅಯೋಡಿನ್ನಿನಿಂದ ಗುರುತಿಸಿದ ಹಾರ್ಮೋನೂ ರಕ್ತದಲ್ಲಿನ ಹಾರ್ಮೋನೂ ಮಿತವಾದ ಪ್ರತಿಕಾಯಕ್ಕಾಗಿ ಸ್ಪರ್ಧಿಸುತ್ತವೆ. ರಕ್ತದಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ಗುರುತಿನ ಹಾರ್ಮೋನು ಪ್ರತಿಕಾಯಕ್ಕೆ ಅಂಟುವುದು ಕಡಿಮೆ. ಇದರ ಸೂಕ್ಷ್ಮತೆ ಅದ್ಭುತವಾದುದು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ದೊರೆತುದು ಉಚಿತವೇ. ಆದರೆ ಪ್ರತಿಕಾಯವು ಗುರುತಿಸುವುದು ಅಣುವಿನ ಆಕಾರವನ್ನು, ಅದರ ಕಾರ್ಯವನ್ನಲ್ಲ. ರವಾನೆಯಾದ ಟಪಾಲನ್ನು ಎಣಿಸಬಹುದು. ಅದು ಮನೆಗೆ ಮುಟ್ಟಿತೆಂದು ಆ ಎಣಿಕೆಯಿಂದ ಹೇಳಲಾಗದು.

ಮುಟ್ಟಿತೇ ಎಂಬ ಪ್ರಶ್ನೆಗೆ ದಾರಿ ಅದಾಗಲೇ ತೆರೆದಿತ್ತು. ಸಾಮನ್ ಮತ್ತು ಡಾಹಡೆ 1957ರಲ್ಲಿ, ಪಿಟ್ಯುಟರಿ ತೆಗೆದ ಇಲಿಗಳ ಮೃದ್ವಸ್ಥಿಯ ಮೇಲೆ ಹಾರ್ಮೋನನ್ನು ನೇರವಾಗಿ ಹಾಕಿದರೆ ಸಲ್ಫೇಟಿನ ಗ್ರಹಣ ಅಷ್ಟೇನೂ ಹೆಚ್ಚುವುದಿಲ್ಲ, ಆರೋಗ್ಯವಂತ ಇಲಿಯ ರಕ್ತದ್ರವವನ್ನು ಹಾಕಿದರೆ ಹೆಚ್ಚುತ್ತದೆ ಎಂದು ತೋರಿಸಿದ್ದರು. ನಡುವಿನ ಆ ದೂತನೇ ಇಂದು ಐಜಿಎಫ್-1 ಎನಿಸಿಕೊಂಡಿರುವ, 70 ಅಮೈನೋ ಆಮ್ಲಗಳ ಪ್ರೋಟೀನು. ಲ್ಯಾರನ್ ವ್ಯಾಧಿಯಲ್ಲಿ ಇದು ತೀರ ಕಡಿಮೆ.

ಹಾಗೆಂದು ಐಜಿಎಫ್-1 ಅನ್ನು ಅಳೆದರೆ ಸಾಕೆಂಬ ಇಂದಿನ ಅವಸರವನ್ನೂ ಒಪ್ಪಲಾಗದು. ಹಾರ್ಮೋನು ಬಿಟ್ಟುಬಿಟ್ಟು, ಹೆಚ್ಚಾಗಿ ನಿದ್ರೆಯಲ್ಲಿ ಸ್ರವಿಸುವುದರಿಂದ ಅದರ ಒಂದು ಮಾದರಿಗೆ ಬೆಲೆಯಿಲ್ಲ, ಐಜಿಎಫ್-1 ದಿನವಿಡೀ ಬಹುಮಟ್ಟಿಗೆ ಸ್ಥಿರ ಎಂಬುದು ನಿಜ. ಆದರೆ ಅದರ ಬಹುಪಾಲು ಬಂಧಕ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಅವುಗಳಿಂದ ಬಿಡಿಸದೆ ಅಳೆದರೆ ಫಲಿತಾಂಶ ಕೆಡುತ್ತದೆ. ವಯಸ್ಸಿನೊಡನೆ ಅದರ ಮಟ್ಟವೂ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅನ್ನವಿಲ್ಲದ ಮಗುವಿನಲ್ಲಿ ಅದು ಕುಸಿಯುತ್ತದೆ. ಪ್ರೋಟೀನಿನ ಕೊರತೆಯಿಂದ ಬರುವ ಕ್ವಾಶಿಯೋರ್ಕರ್ ವ್ಯಾಧಿಯ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಿರುವುದನ್ನು ಕೇಪ್‌ಟೌನಿನ ವೈದ್ಯರು 1960ರ ದಶಕದಲ್ಲಿಯೇ ಕಂಡಿದ್ದರು. ಹಾರ್ಮೋನು ಹೆಚ್ಚು, ಐಜಿಎಫ್-1 ಕಡಿಮೆ: ಅಂಕೆಗಳು ಮಾತ್ರ ಎದುರಿಗಿದ್ದರೆ ಹಸಿದ ಮಗುವೂ ಲ್ಯಾರನ್ ವ್ಯಾಧಿಯ ಮಗುವೂ ಒಂದೇ ಬಗೆಯಾಗಿ ತೋರುವರು. ಮೊದಲನೆಯದಕ್ಕೆ ಬೇಕಾದುದು ಆಹಾರ. ಎರಡನೆಯದಕ್ಕೆ ಐಜಿಎಫ್-1ರ ಚುಚ್ಚುಮದ್ದು, ಬೆಳವಣಿಗೆಯ ಹಾರ್ಮೋನಿನದಲ್ಲ.

ಆದುದರಿಂದ ಪ್ರಯೋಗಾಲಯದ ವರದಿಯಲ್ಲಿ ಅಂಕೆಯೊಡನೆ ಮಗುವಿನ ವಯಸ್ಸು, ತೂಕ, ಆಹಾರಸ್ಥಿತಿ, ಅಳತೆಯ ವಿಧಾನ ಮತ್ತು ಮಾನಕ ಇವಿಷ್ಟೂ ಇರಬೇಕೆಂಬುದು ನಮ್ಮ ಒತ್ತಾಯ. ಪ್ರತಿಕಾಯ ಬೇರೆಯಾದರೆ ಒಂದೇ ರಕ್ತಕ್ಕೆ ಎರಡು ಪ್ರಯೋಗಾಲಯಗಳು ಗಣನೀಯವಾಗಿ ಭಿನ್ನವಾದ ಅಂಕೆಗಳನ್ನು ಕೊಡುವುದುಂಟು. ಇದಕ್ಕಾಗಿಯೇ 2011ರಲ್ಲಿ ತಜ್ಞರು ಸಮಾನ ಮಾನಕವನ್ನು ಬಳಸಬೇಕೆಂದು ಸೂಚಿಸಿದರು.